ಸ್ಪ್ರಿಂಟ್ ಓಟಗಾರರ ಲ್ಯಾಕ್ಟೇಟ್ ಓದಲು ಕಲಿತ ಬಗೆ

ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ 400 ಮೀಟರ್ ಓಟಗಾರರಿಗೆ ತರಬೇತಿ ಕೊಡುತ್ತಾ ರಕ್ತದ ಲ್ಯಾಕ್ಟೇಟ್ (ಸ್ನಾಯು ಜೋರಾಗಿ ದುಡಿಯುವಾಗ ಹೆಚ್ಚಾಗಿ ಹುಟ್ಟಿ ರಕ್ತಕ್ಕೆ ಸೇರುವ ವಸ್ತು) ಅಳೆಯಲು ಆರಂಭಿಸಿದಾಗ, ಅಂಕಿ ಕಡಿಮೆಯಾದಷ್ಟೂ ಓಟಗಾರ ಪಳಗಿದ್ದಾನೆ ಎಂದೇ ನಂಬಿದ್ದೆ. ದೂರದ ಓಟದವರನ್ನು ಒಂದೇ ವೇಗದಲ್ಲಿ ಓಡಿಸಿ ನೋಡುವಾಗ ಆ ಲೆಕ್ಕ ಬಹುಮಟ್ಟಿಗೆ ಸರಿ. ಪೂರ್ಣ ವೇಗದ ಓಟಕ್ಕೂ ಅದನ್ನೇ ಅನ್ವಯಿಸಿದ್ದು ನನ್ನ ತಪ್ಪು.

ಮೊದಮೊದಲು ಅಳತೆಯೇ ಸರಿ ಇರಲಿಲ್ಲ. ಬೆವರಿನಲ್ಲಿಯೂ ಲ್ಯಾಕ್ಟೇಟ್ ಇರುವುದರಿಂದ ಒದ್ದೆ ಬೆರಳಿನ ರಕ್ತ ಸುಳ್ಳು ಅಂಕಿ ತೋರಿಸುತ್ತದೆ. ಬೆರಳ ತುದಿಯನ್ನು ಸ್ಪಿರಿಟ್‌ನಿಂದ ಒರೆಸಿ, ಪೂರ್ತಿ ಆರಲು ಬಿಟ್ಟು, ಚುಚ್ಚಿದ ಮೇಲೆ ಬರುವ ಮೊದಲ ಹನಿಯನ್ನು ಹತ್ತಿಯಿಂದ ತೆಗೆದು, ಬೆರಳನ್ನು ಹಿಂಡದೆ ಎರಡನೆಯ ಹನಿಯನ್ನು ಅಳೆಯುವ ಮೀಟರಿನ ಸ್ಟ್ರಿಪ್‌ಗೆ ಮುಟ್ಟಿಸುವುದನ್ನು ರೂಢಿ ಮಾಡಿಕೊಂಡೆ. ಸ್ನಾಯುವಿನ ಲ್ಯಾಕ್ಟೇಟ್ ರಕ್ತಕ್ಕೆ ಬರಲು ಹೊತ್ತು ಹಿಡಿಯುತ್ತದೆ; ಹಾಗಾಗಿ ಓಟ ಮುಗಿದ 3, 5 ಮತ್ತು 7ನೆಯ ನಿಮಿಷಗಳಲ್ಲಿ ಅಳೆದು, ಅವುಗಳಲ್ಲಿ ಹೆಚ್ಚಿನದನ್ನು ಬರೆದುಕೊಳ್ಳುತ್ತೇನೆ.

ನನ್ನ ಕಣ್ಣು ತೆರೆಸಿದವಳು ಒಬ್ಬ ಹುಡುಗಿ. 300 ಮೀಟರ್ ಜೋರು ಓಟದ ನಂತರ ಸಾಮಾನ್ಯವಾಗಿ ಲೀಟರಿಗೆ 14 ಮಿಲಿಮೋಲ್ ಆಸುಪಾಸು ಮುಟ್ಟುತ್ತಿದ್ದವಳು, ಒಂದು ಭಾನುವಾರ ಬೆಳಿಗ್ಗೆ 10 ದಾಟಲಿಲ್ಲ. ಸುಧಾರಣೆ ಎಂದು ಬರೆಯಲು ಹೊರಟವನು ಸ್ಟಾಪ್‌ವಾಚ್ ನೋಡಿ ಪೆನ್ನು ಕೆಳಗಿಟ್ಟೆ: ಓಟಕ್ಕೆ ಎಂದಿಗಿಂತ ಸುಮಾರು ಎರಡು ಸೆಕೆಂಡು ಹೆಚ್ಚು ಹಿಡಿದಿತ್ತು. ವಿಚಾರಿಸಿದರೆ, "ನಿನ್ನೆ ಶನಿವಾರ ಒಪ್ಪತ್ತು ಸರ್, ರಾತ್ರಿ ಬರೀ ಹಾಲು ಕುಡಿದು ಮಲಗಿದೆ" ಎಂದಳು. ಶನಿವಾರ ಬೆಳಿಗ್ಗೆ ಅವಳನ್ನು ಚೆನ್ನಾಗಿ ದಣಿಸಿದ್ದವನೂ ನಾನೇ.

ಸ್ಪ್ರಿಂಟ್‌ನ ಮೊದಲ ಕೆಲವು ಸೆಕೆಂಡುಗಳಿಗೆ ಸ್ನಾಯುವಿನಲ್ಲಿ ಸಿದ್ಧವಾಗಿರುವ ಶಕ್ತಿಮೂಲವಾದ ಕ್ರಿಯಾಟಿನ್ ಫಾಸ್ಫೇಟ್ ಬಹಳ ಮಟ್ಟಿಗೆ ಒದಗುತ್ತದೆ. ಮುಂದಿನ ವೇಗಕ್ಕೆ ಸ್ನಾಯುವಿನಲ್ಲಿ ಕೂಡಿಟ್ಟ ಸಕ್ಕರೆಯ ರೂಪವಾದ ಗ್ಲೈಕೋಜನ್ ಬಿರುಸಾಗಿ ಒಡೆಯಬೇಕು, ಒಡೆದಾಗ ಲ್ಯಾಕ್ಟೇಟ್ ಏರುತ್ತದೆ. ದಣಿವು, ಉಪವಾಸಗಳಿಂದ ಈ ಸಂಗ್ರಹ ತಗ್ಗಿದ ಸ್ನಾಯು ಅಷ್ಟು ಬಿರುಸು ತೋರಲಾರದು. ಆದ್ದರಿಂದ ಒಳ್ಳೆಯ ಸಮಯದ ಜೊತೆಗೆ ಬಂದ ಹೆಚ್ಚಿನ ಅಂಕಿ ನನಗೆ ಈಗ ಸಂತೋಷದ ಸುದ್ದಿ. ಶನಿವಾರದ ವ್ರತ ಬಿಡೆಂದು ನಾನು ಹೇಳಲಿಲ್ಲ. ಅವಳ ಜೋರು ಓಟವನ್ನು ಮಂಗಳವಾರಕ್ಕೆ ಹಾಕಿದೆ.

ಲ್ಯಾಕ್ಟೇಟ್ ಅಲ್ಲದೆ, ಸ್ನಾಯುವಿಗೆ ಪೆಟ್ಟಾದಾಗ ರಕ್ತದಲ್ಲಿ ಏರುವ ಕ್ರಿಯಾಟಿನ್ ಕೈನೇಸ್ ಎಂಬ ಕಿಣ್ವದ ಪರೀಕ್ಷೆಯನ್ನು ನೆಗೆತದ ವ್ಯಾಯಾಮಗಳ ಮರುದಿನವೋ ಅದರ ಮಾರನೆಯ ದಿನವೋ ಮಾಡಿಸುತ್ತೇನೆ. ಕ್ರೀಡಾಪಟುಗಳಲ್ಲಿ ಇದು ವಿಶ್ರಾಂತಿಯಲ್ಲೂ ಪ್ರಯೋಗಾಲಯದ ಮಿತಿಯನ್ನು ಮೀರಿರುವುದು ಅಪರೂಪವಲ್ಲ. ವರದಿಯ ಕೆಂಪು ಗುರುತು ನೋಡಿ ಗಾಬರಿಯಾಗಿದ್ದ ಒಬ್ಬ ಹುಡುಗನಿಗೆ ಅವನದೇ ಹಿಂದಿನ ಮೂರು ವರದಿಗಳನ್ನು ಪಕ್ಕಪಕ್ಕ ಇಟ್ಟು ತೋರಿಸಿದೆ. ನಾಲ್ಕೂ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿದ್ದವು, ತೊಡೆಯಲ್ಲಿ ನೋವೂ ಇರಲಿಲ್ಲ. ಅಂದು ಸಂಜೆ ಅವನನ್ನು ಕಾಲೊತ್ತಿ ಚಿಮ್ಮುವ ಸ್ಟಾರ್ಟಿಂಗ್ ಬ್ಲಾಕ್‌ನಿಂದಲೇ ಓಡಿಸಿದೆ.