ಬೆಲ್ಟ್ ಬದಲಾಯಿಸಿದೆ, ಸದ್ದು ಹೋಗಲಿಲ್ಲ

ಬೆಳಗ್ಗೆ ಕಾರು ಸ್ಟಾರ್ಟ್ ಮಾಡಿದ ಕೂಡಲೇ ಬಾನೆಟ್ ಒಳಗಿಂದ ಕಿರುಚಾಟ. ಎರಡು ನಿಮಿಷ ಕಿರುಚಿ ತಾನೇ ಸುಮ್ಮನಾಗುತ್ತಿತ್ತು. ಹಾಗೆ ಸುಮ್ಮನಾಗುತ್ತಿದ್ದದ್ದೇ ತೊಂದರೆ. ನಿಂತುಹೋದ ಸದ್ದಿನ ಹಿಂದೆ ಯಾರು ಬೀಳುತ್ತಾರೆ? ನಾನೂ ಬೀಳಲಿಲ್ಲ. ಒಂದು ತಿಂಗಳು ಹಾಗೇ ಓಡಿಸಿದೆ. ಆಮೇಲೆ ಎಸಿ ಹಾಕಿದಾಗಲೂ ಕಿರುಚಲು ಶುರು ಮಾಡಿತು.

ಟಾರ್ಚ್ ಹಿಡಿದು ನೋಡಿದರೆ, ಇಂಜಿನ್ ಪಕ್ಕದ ಪುಲ್ಲಿಗಳ (ತಿರುಗುವ ಗಾಲಿಗಳ) ಮೇಲೆ ಓಡುವ ರಬ್ಬರ್ ಬೆಲ್ಟಿನ ಉದ್ದುದ್ದ ಗೆರೆಗಳ ಮೇಲೆ ಅಡ್ಡಡ್ಡ ಬಿರುಕು. ಕಳ್ಳ ಸಿಕ್ಕಿಬಿದ್ದ ಅಂದುಕೊಂಡೆ. ಹೊಸ ಬೆಲ್ಟ್ ತಂದು ಹಾಕಿದೆ. ಮೂರು ವಾರ ನೆಮ್ಮದಿ. ನಾಲ್ಕನೇ ವಾರ ಮತ್ತೆ ಸದ್ದು, ಆದರೆ ಈ ಸಲ ಬೇರೆ ಥರ. ಉದ್ದದ ಕಿರುಚಾಟ ಅಲ್ಲ. ಗುಬ್ಬಿ ಕೂಗಿದ ಹಾಗೆ ಚಿಕ್, ಚಿಕ್, ಚಿಕ್. ಆಕ್ಸಿಲರೇಟರ್ ಒತ್ತಿದರೆ ಗುಬ್ಬಿಯೂ ಬೇಗ ಬೇಗ ಕೂಗುತ್ತಿತ್ತು.

ಮೊದಲ ಸಲ ನಾನು ಮಾಡಿದ್ದು ಬರೀ ಬೆಲ್ಟ್ ಬದಲಾಯಿಸುವ ಕೆಲಸ. ಅದನ್ನೂ ನೆಟ್ಟಗೆ ಮಾಡಿರಲಿಲ್ಲ. ಹಳೇ ಬೆಲ್ಟ್ ಯಾವ ಪುಲ್ಲಿಯ ಮೇಲಿಂದ, ಯಾವುದರ ಕೆಳಗಿಂದ ಹೋಗುತ್ತದೆ ಎಂದು ಫೋಟೋ ಕೂಡ ತೆಗೆಯದೆ ಕಳಚಿಬಿಟ್ಟಿದ್ದೆ. ಬೆಲ್ಟ್ ಕೈಗೆ ಬಂದ ಮೇಲೆ ಅದು ಬರೀ ಒಂದು ರಬ್ಬರ್ ಬಳೆ. ಎಲ್ಲಿಂದ ಶುರು, ಎಲ್ಲಿ ಮುಗಿಯಿತು, ಒಂದೂ ಗೊತ್ತಾಗಲಿಲ್ಲ. ಎರಡು ಗಂಟೆ ಒದ್ದಾಡಿದೆ. ಕೊನೆಗೆ ದಾರಿ ತೋರಿಸಿದ್ದು ಪುಲ್ಲಿಗಳೇ: ಗೆರೆ ಇರುವ ಪುಲ್ಲಿಗೆ ಬೆಲ್ಟಿನ ಗೆರೆ ಇರುವ ಮುಖ ಕೂರಬೇಕು, ನುಣುಪು ಪುಲ್ಲಿಗೆ ಸಾಮಾನ್ಯವಾಗಿ ಬೆಲ್ಟಿನ ಬೆನ್ನು.

ಇನ್ನೊಂದು ಮಾತು. ಇದನ್ನು ಎಲ್ಲರೂ ರೂಢಿಯಲ್ಲಿ ಫ್ಯಾನ್ ಬೆಲ್ಟ್ ಅನ್ನುತ್ತಾರೆ. ಈಗಿನ ಹೆಚ್ಚಿನ ಕಾರುಗಳಲ್ಲಿ ರೇಡಿಯೇಟರ್ ಫ್ಯಾನ್ ಕರೆಂಟಿನಿಂದ ತಿರುಗುತ್ತದೆ, ಬೆಲ್ಟಿಗೂ ಅದಕ್ಕೂ ಸಂಬಂಧವಿಲ್ಲ. ನನ್ನ ಕಾರಲ್ಲಿ ಈ ಒಂದೇ ಬೆಲ್ಟ್ ಡೈನಮೋ (ಆಲ್ಟರ್ನೇಟರ್), ವಾಟರ್ ಪಂಪ್, ಪವರ್ ಸ್ಟೀರಿಂಗ್ ಪಂಪ್, ಎಸಿ ಕಂಪ್ರೆಸರ್ ನಾಲ್ಕನ್ನೂ ತಿರುಗಿಸುತ್ತದೆ. ಹರಿದರೆ ಬ್ಯಾಟರಿ ಚಾರ್ಜ್ ನಿಲ್ಲುತ್ತದೆ, ಸ್ಟೀರಿಂಗ್ ಕಲ್ಲಾಗುತ್ತದೆ, ನೀರು ಓಡದೆ ಇಂಜಿನ್ ವಿಪರೀತ ಬಿಸಿಯಾಗುತ್ತದೆ. ಇಂಜಿನ್ನಿನ ವಾಲ್ವುಗಳ ತಾಳ ಕಾಯುವ ಟೈಮಿಂಗ್ ಬೆಲ್ಟ್ ಬೇರೆ. ಅದು ಒಳಗೆ ಕವರಿನಡಿ ಇರುತ್ತದೆ. ಅದರಲ್ಲಿ ಒಂದು ಹಲ್ಲು ತಪ್ಪಿದರೂ ಕಥೆ ಬೇರೆಯಾಗುತ್ತದೆ. ಅದಕ್ಕೆ ನಾನು ಮನೆಯಲ್ಲಿ ಕೈ ಹಾಕುವುದಿಲ್ಲ.

ಎರಡನೇ ಸಲ ಆತುರ ಪಡಲಿಲ್ಲ. ಮೊದಲು ನೀರಿನ ಪರೀಕ್ಷೆ. ಇಂಜಿನ್ ಓಡುತ್ತಿರುವಾಗ, ಕೈ ದೂರ ಇಟ್ಟುಕೊಂಡು, ಸ್ಪ್ರೇ ಬಾಟಲಿಯಿಂದ ಬೆಲ್ಟಿನ ಗೆರೆ ಇರುವ ಕಡೆಗೆ ಸ್ವಲ್ಪ ನೀರು ಹೊಡೆದೆ. ನೀರು ಬಿದ್ದ ಕೂಡಲೇ ಸದ್ದು ಜಾಸ್ತಿಯಾದರೆ ಬೆಲ್ಟ್ ಜಾರುತ್ತಿದೆ, ಬಿಗಿ ಸಾಲದು ಎಂದು ಅರ್ಥ. ಸದ್ದು ನಿಂತು, ನೀರು ಆರಿದ ಮೇಲೆ ಮತ್ತೆ ಬಂದರೆ ಯಾವುದೋ ಪುಲ್ಲಿ ಸೊಟ್ಟಗಿದೆ ಎಂದು ಅರ್ಥ. ನನ್ನ ಗುಬ್ಬಿ ಕೆಲವು ಸೆಕೆಂಡು ಸುಮ್ಮನಿದ್ದು ಮತ್ತೆ ಕೂಗಿತು.

ಬೆಲ್ಟಿಗೆ ಹೊಡೆಯುವ ಸ್ಪ್ರೇ ಸಿಗುತ್ತದೆ, ಸೋಪು ಉಜ್ಜಿದರೂ ಆಗುತ್ತದೆ ಎಂದು ಹೇಳುವವರಿದ್ದಾರೆ. ದಯವಿಟ್ಟು ಬೇಡ. ಎರಡು ದಿನ ಸದ್ದು ಮುಚ್ಚುತ್ತದೆ, ಆಮೇಲೆ ಅಂಟಿಗೆ ಧೂಳು ಹತ್ತಿ ಬೆಲ್ಟೂ ಹಾಳು, ಕಾರಣವೂ ಸಿಗುವುದಿಲ್ಲ.

ಇಂಜಿನ್ ಪೂರ್ತಿ ತಣ್ಣಗಾದ ಮೇಲೆ ಬ್ಯಾಟರಿಯ ನೆಗೆಟಿವ್ ವೈರ್ ಬಿಚ್ಚಿದೆ. ನನ್ನದು ಅಡ್ಡಕ್ಕೆ ಕೂರಿಸಿದ ಇಂಜಿನ್. ಮೇಲಿನಿಂದ ಕೈ ತೂರುವುದಿಲ್ಲ. ಮುಂದಿನ ಚಕ್ರ ತೆಗೆದು, ಅದರ ಹಿಂದಿನ ಪ್ಲಾಸ್ಟಿಕ್ ಕವರ್ ಬಿಚ್ಚಿದರೆ ಎಲ್ಲಾ ಕಣ್ಣೆದುರಿಗೇ. ಜಾಕ್ ಎತ್ತುವ ಮೊದಲೇ ಚಕ್ರದ ನಟ್ಟುಗಳನ್ನು ಸಡಿಲ ಮಾಡಿಕೊಂಡೆ. ಎತ್ತಿದ ಮೇಲೆ ಗಟ್ಟಿ ಸ್ಟ್ಯಾಂಡ್ ಕೊಟ್ಟೆ. ಬರೀ ಜಾಕ್ ನಂಬಿ ಕೈ ಒಳಗೆ ಹಾಕುವುದು ಹುಚ್ಚುತನ.

ಈ ಸಲ ಫೋಟೋ ತೆಗೆದೆ. ಕಾಗದದ ಮೇಲೂ ಬರೆದುಕೊಂಡೆ. ಫೋಟೋದಲ್ಲಿ ಒಂದು ಮೂಲೆ ಯಾವಾಗಲೂ ಕತ್ತಲೆ.

ಟೆನ್ಷನರ್ ಅಂದರೆ ಬೆಲ್ಟನ್ನು ಬಿಗಿಯಾಗಿ ಹಿಡಿದಿಡುವ, ಒಳಗೆ ಬಲವಾದ ಸ್ಪ್ರಿಂಗ್ ಇರುವ ತೋಳು, ತುದಿಯಲ್ಲೊಂದು ಪುಲ್ಲಿ. ಉದ್ದ ಹಿಡಿಯ ಸ್ಪ್ಯಾನರಿನಿಂದ ತೋಳನ್ನು ಎಳೆದು ಹಿಡಿದರೆ ಬೆಲ್ಟ್ ಸಡಿಲವಾಗುತ್ತದೆ. ಮೊದಲ ಸಲ ಗಿಡ್ಡ ಸ್ಪ್ಯಾನರ್ ಹಾಕಿ, ಅದು ಜಾರಿ ಗೆಣ್ಣಿನ ಚರ್ಮ ಹೋಗಿತ್ತು. ಈ ಸಲ ತಮ್ಮನನ್ನು ಕರೆದೆ. ನಾನು ಎಳೆದು ಹಿಡಿದೆ, ಅವನು ಬೆಲ್ಟ್ ಕಳಚಿದ. ತೋಳನ್ನು ಪಟ್ಟನೆ ಬಿಡಬಾರದು, ನಿಧಾನಕ್ಕೆ ಹಿಂದಕ್ಕೆ ಕಳಿಸಬೇಕು.

ಬೆಲ್ಟ್ ಕಳಚಿದ ಮೇಲಿನ ಹತ್ತು ನಿಮಿಷವೇ ಈ ಇಡೀ ಕೆಲಸದ ಸಾರ. ಮೊದಲ ಸಲ ನಾನು ಹಾರಿಸಿದ್ದೂ ಅದನ್ನೇ. ಒಂದೊಂದೇ ಪುಲ್ಲಿಯನ್ನು ಬೆರಳಲ್ಲಿ ತಿರುಗಿಸಿದೆವು. ಡೈನಮೋ ಸಲೀಸು. ವಾಟರ್ ಪಂಪ್ ಹಿಡಿದು ಅಲ್ಲಾಡಿಸಿದರೆ ಓಲಾಟ ಇಲ್ಲ, ಕೆಳಗೆ ನೀರಿನ ಕಲೆಯೂ ಇಲ್ಲ. ಸ್ಟೀರಿಂಗ್ ಪಂಪ್ ಸ್ವಲ್ಪ ಬಿಗಿ, ಅದು ಸಹಜ. ಏನನ್ನೂ ತಿರುಗಿಸದೆ ಬೆಲ್ಟಿಗೆ ದಾರಿ ತೋರಿಸುವ ಐಡ್ಲರ್ ಪುಲ್ಲಿಗೆ ಬಂದಾಗ ತಮ್ಮ, "ಅಣ್ಣಾ, ಇದರಲ್ಲಿ ಮರಳಿದೆ ನೋಡು" ಎಂದ. ಮರಳಲ್ಲ, ಬೇರಿಂಗ್. ಒಳಗಿನ ಗ್ರೀಸ್ ಒಣಗಿ, ತಿರುಗಿಸಿದರೆ ಕರಕರ ಅನ್ನುತ್ತಿತ್ತು. ಹಿಡಿದು ಅಲ್ಲಾಡಿಸಿದರೆ ಟಕ್ ಟಕ್ ಎಂದು ಓಲಾಡುತ್ತಿತ್ತು. ಟೆನ್ಷನರ್ ತೋಳು ಇನ್ನೂ ಮೋಸ. ಅದರ ಬುಡದ ಬುಷ್ (ತೋಳು ತಿರುಗಲು ಆಧಾರವಾದ ಬಳೆ) ಸವೆದು, ಪುಲ್ಲಿ ಒಂದು ಕಡೆ ವಾಲಿತ್ತು. ಕಣ್ಣಿಗೆ ತಕ್ಷಣ ಕಾಣುವಷ್ಟಲ್ಲ. ಸ್ಕೇಲಿನ ಅಂಚನ್ನು ಪಕ್ಕದ ಪುಲ್ಲಿಗೆ ಒತ್ತಿ ಹಿಡಿದಾಗ ಗೊತ್ತಾಯಿತು.

ಈಗ ಕಳಚಿದ ಬೆಲ್ಟನ್ನು ನೋಡಿದೆ. ನಾಲ್ಕು ವಾರದ ಬೆಲ್ಟಿಗೆ ಒಂದು ಅಂಚಿನಲ್ಲಿ ಮಾತ್ರ ನೂಲು ಎದ್ದಿತ್ತು. ವಾಲಿದ ಪುಲ್ಲಿಯ ಮೇಲೆ ಓಡಿ ಓಡಿ ಅಂಚು ತಿಂದುಹೋಗಿತ್ತು. ಹಳೇ ಬೆಲ್ಟಿನಲ್ಲೂ ಅದೇ ಗುರುತು ಇದ್ದಿರಬಹುದು. ನಾನು ಬಿರುಕು ಕಂಡ ಮೇಲೆ ಬೇರೇನೂ ನೋಡಿರಲಿಲ್ಲ. ಬಿರುಕೂ ಪೂರ್ತಿ ಗುರುತಲ್ಲ. ಹಿಂದಿನ ನಿಯೋಪ್ರೀನ್ ಬೆಲ್ಟುಗಳು ವಯಸ್ಸಾದರೆ ಬಿರುಕು ಬಿಡುತ್ತಿದ್ದವು. ಈಗಿನ ಇಪಿಡಿಎಂ ರಬ್ಬರಿನವು ಸುಲಭಕ್ಕೆ ಬಿರುಕು ಬಿಡುವುದಿಲ್ಲ, ಟೈರಿನ ಹಾಗೆ ಸದ್ದಿಲ್ಲದೆ ಸವೆಯುತ್ತವೆ. ಮೇಲೆ ಚೆನ್ನಾಗಿ ಕಂಡರೂ ಗೆರೆಗಳ ನಡುವಿನ ತೋಡು ಅಗಲವಾಗಿರುತ್ತದೆ.

ಐಡ್ಲರ್, ಟೆನ್ಷನರ್, ಬೆಲ್ಟ್ ಮೂರೂ ಹೊಸದು ಹಾಕುವುದು ಎಂದು ತೀರ್ಮಾನವಾಯಿತು. ಬೆಲ್ಟ್ ತರುವಾಗ ಹಳೆಯದರ ಬೆನ್ನಿನ ಮೇಲಿನ ನಂಬರ್ ನೋಡಿ. 6ಪಿಕೆ1750 ಎಂದಿದ್ದರೆ ಆರು ಗೆರೆ, 1750 ಮಿಲಿಮೀಟರ್ ಉದ್ದ. ಅಂದಾಜಿನಲ್ಲಿ ಹತ್ತಿರದ್ದು ತಂದರೆ ಟೆನ್ಷನರ್ ತೋಳು ತನ್ನ ಜಾಗದಲ್ಲಿ ನಿಲ್ಲುವುದಿಲ್ಲ.

ಐಡ್ಲರಿನ ಬೋಲ್ಟ್ ಬಿಚ್ಚುವ ಮೊದಲು ಕೈಪಿಡಿ ನೋಡಿದ್ದು ಒಳ್ಳೆಯದಾಯಿತು. ಕೆಲವು ಕಾರುಗಳಲ್ಲಿ ಅದು ಉಲ್ಟಾ ಥ್ರೆಡ್. ಬಿಚ್ಚುತ್ತಿದ್ದೇನೆ ಎಂದುಕೊಂಡು ಇನ್ನೂ ಬಿಗಿ ಮಾಡಿ ಬೋಲ್ಟ್ ಮುರಿದವರಿದ್ದಾರೆ. ನನ್ನದು ಮಾಮೂಲಿ. ಮತ್ತೆ ಹಾಕುವಾಗ ಮೊದಲು ಬೆರಳಲ್ಲೇ ತಿರುವಿ, ಕೊನೆಗೆ ಬಿಗಿ ಅಳೆಯುವ ಟಾರ್ಕ್ ರೆಂಚಿನಲ್ಲಿ ಕೈಪಿಡಿ ಹೇಳಿದಷ್ಟು ಬಿಗಿ ಮಾಡಿದೆ. ಬೋಲ್ಟ್ ಕೂರುವುದು ಅಲ್ಯೂಮಿನಿಯಂಗೆ, ಸಿಟ್ಟು ತೋರಿಸಿದರೆ ಥ್ರೆಡ್ ಹೋಗುತ್ತದೆ.

ಹೊಸ ಬೆಲ್ಟನ್ನು ಎಲ್ಲದಕ್ಕೂ ಸುತ್ತಿ, ಕೊನೆಗೆ ಸುಲಭವಾಗಿ ಕೈಗೆ ಸಿಗುವ ನುಣುಪು ಪುಲ್ಲಿಯ ಮೇಲೆ ಜಾರಿಸಿದೆವು. ಕೂಡಲೇ ಸ್ಟಾರ್ಟ್ ಮಾಡಲಿಲ್ಲ. ಇಂಜಿನ್ನಿನ ಮುಖ್ಯ ಶಾಫ್ಟ್ ಆದ ಕ್ರ್ಯಾಂಕಿನ ಬೋಲ್ಟಿಗೆ ಸಾಕೆಟ್ ಹಾಕಿ, ಇಂಜಿನ್ ತಿರುಗುವ ದಿಕ್ಕಿಗೇ ಎರಡು ಸುತ್ತು ಕೈಯಲ್ಲಿ ತಿರುಗಿಸಿದೆ. ತಮ್ಮ ಕೆಳಗಿನಿಂದ ಟಾರ್ಚ್ ಬಿಟ್ಟು, "ನಿಲ್ಲಿಸು ನಿಲ್ಲಿಸು" ಎಂದ. ಕ್ರ್ಯಾಂಕ್ ಪುಲ್ಲಿಯಲ್ಲಿ ಬೆಲ್ಟ್ ಒಂದು ಗೆರೆ ಆಚೆ ಕೂತಿತ್ತು. ಮೇಲಿನಿಂದ ಅದು ಕಾಣುವುದೇ ಇಲ್ಲ. ಹಾಗೇ ಸ್ಟಾರ್ಟ್ ಮಾಡಿದ್ದರೆ ಮೂರನೇ ಬೆಲ್ಟ್ ಹುಡುಕಬೇಕಿತ್ತು. ಮತ್ತೆ ಸಡಿಲಿಸಿ, ಸರಿ ಮಾಡಿ, ಮತ್ತೆ ಎರಡು ಸುತ್ತು.

ಸ್ಟಾರ್ಟ್ ಮಾಡಿದ ಮೇಲೆ ಎಸಿ, ಹೆಡ್‌ಲೈಟ್ ಎರಡೂ ಹಾಕಿ ಸ್ಟೀರಿಂಗನ್ನು ಕೊನೆವರೆಗೂ ತಿರುಗಿಸಿದೆ. ಬೆಲ್ಟಿಗೆ ಜಾಸ್ತಿ ಭಾರ ಬೀಳುವುದು ಆಗಲೇ. ಸದ್ದಿಲ್ಲ. ಮೀಟರ್ ಹಿಡಿದರೆ ಬ್ಯಾಟರಿಯ ಮೇಲೆ 14.1 ವೋಲ್ಟ್. ಡೈನಮೋ ಆರಾಮಾಗಿ ಚಾರ್ಜ್ ಮಾಡುತ್ತಿತ್ತು.

ಮೂರು ಸಾವಿರ ಕಿಲೋಮೀಟರ್ ಆದ ಮೇಲೆ ಬಾನೆಟ್ ಎತ್ತಿ ಬೆಲ್ಟಿನ ಅಂಚನ್ನಷ್ಟೇ ನೋಡಿದೆ. ನೂಲು ಎದ್ದಿಲ್ಲ. ಕರಕರ ಅನ್ನುವ ಹಳೇ ಐಡ್ಲರ್ ಮಾತ್ರ ಇನ್ನೂ ತಮ್ಮನ ಮೇಜಿನ ಮೇಲಿದೆ. ಫೋನಿನಲ್ಲಿ ಮಾತಾಡುವಾಗ ಸುಮ್ನೆ ತಿರುಗಿಸುತ್ತಾ ಕೂತಿರುತ್ತಾನೆ.