ಮೊದಲು ಊಹೆ, ಆಮೇಲೆ ಇಂಟರ್ನೆಟ್

ಶಿಕ್ಷಕರಿಗೆ ಇಂಟರ್ನೆಟ್ ಬಳಸೋದನ್ನು ಹೇಳಿಕೊಡಲು ಶುರು ಮಾಡಿದ ಹೊಸದರಲ್ಲಿ ನನ್ನ ತರಬೇತಿ ಹೀಗಿರುತ್ತಿತ್ತು: ಒಂದು ದಿನ, ಇಪ್ಪತ್ತೈದು ವೆಬ್‌ಸೈಟ್. ಒಂದೊಂದನ್ನೂ ತೆರೆದು ತೋರಿಸುತ್ತಿದ್ದೆ, ಕೊನೆಗೆ ಪಟ್ಟಿ ಕೊಟ್ಟು ಕಳಿಸುತ್ತಿದ್ದೆ. ಎಲ್ಲರೂ ಆಸಕ್ತಿಯಿಂದಲೇ ಬರೆದುಕೊಳ್ಳುತ್ತಿದ್ದರು. ಎರಡು ತಿಂಗಳು ಬಿಟ್ಟು ವಿಚಾರಿಸಿದರೆ ಹೆಚ್ಚಿನವರು ಒಂದನ್ನೂ ಬಳಸಿರಲಿಲ್ಲ. ಬಳಸಿದವರು ಪಾಠದ ಕೊನೆಗೆ ಒಂದು ವಿಡಿಯೊ ಹಾಕಿ ಮುಗಿಸಿದ್ದರು.

ಇದು ಅವರ ತಪ್ಪಲ್ಲ. ಪಟ್ಟಿ ಕೈಗೆ ಕೊಟ್ಟರೆ ಯಾವ ಪಾಠಕ್ಕೆ ಯಾವುದು, ಎಷ್ಟು ಹೊತ್ತು, ಮಕ್ಕಳು ಆಗ ಏನು ಮಾಡಬೇಕು ಅನ್ನೋದನ್ನೆಲ್ಲ ಅವರೇ ಕೂತು ಯೋಚಿಸಬೇಕು. ದಿನವಿಡೀ ಪೀರಿಯಡ್ ಮೇಲೆ ಪೀರಿಯಡ್ ಮಾಡುವವರಿಗೆ ಅದಕ್ಕೆಲ್ಲ ಪುರುಸೊತ್ತು ಎಲ್ಲಿರುತ್ತೆ?

ಪಟ್ಟಿ ಕೊಡೋದನ್ನು ಬಿಟ್ಟೆ. ಈಗ ಒಬ್ಬೊಬ್ಬರ ಜೊತೆ ಅರ್ಧ ಗಂಟೆ ಕೂರುತ್ತೇನೆ. ಮೊದಲು ಕೇಳೋದು ಒಂದೇ ಮಾತು: "ಮುಂದಿನ ಪಾಠದಲ್ಲಿ ಮಕ್ಕಳು ಪ್ರತಿ ವರ್ಷ ಎಲ್ಲಿ ಎಡವುತ್ತಾರೆ?"

ವಿಜ್ಞಾನದ ಮೇಡಂ ಒಬ್ಬರು ಥಟ್ಟನೆ ಹೇಳಿದರು. "ಸರಣಿ ಜೋಡಣೆ ಸರ್, ಒಂದೇ ದಾರಿಯಲ್ಲಿ ಒಂದರ ಹಿಂದೆ ಒಂದು ಬಲ್ಬ್ ಹಾಕೋದು. ಮೊದಲನೇ ಬಲ್ಬೇ ಕರೆಂಟೆಲ್ಲ ತಿಂದುಬಿಡುತ್ತೆ, ಎರಡನೇದಕ್ಕೆ ಕಡಿಮೆ ಹೋಗುತ್ತೆ ಅಂತಾರೆ. ಎಷ್ಟು ಹೇಳಿದರೂ ಅಷ್ಟೇ."

ಅವರಿಗೆ ಫೆಟ್ (PhET) ಎಂಬ ವೆಬ್‌ಸೈಟಿನಲ್ಲಿರುವ ಸರ್ಕ್ಯೂಟ್ ಕಟ್ಟುವ ಪ್ರಯೋಗ ತೋರಿಸಿದೆ. ನೊಬೆಲ್ ಪಡೆದ ಭೌತವಿಜ್ಞಾನಿ ಕಾರ್ಲ್ ವೀಮನ್ 2002ರಲ್ಲಿ ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾಲಯದಲ್ಲಿ ಶುರು ಮಾಡಿದ ಯೋಜನೆ ಇದು. ದುಡ್ಡು ಕೊಡಬೇಕಿಲ್ಲ. ಪರದೆಯ ಮೇಲೆ ಬ್ಯಾಟರಿ, ತಂತಿ, ಬಲ್ಬ್ ಎಳೆದು ಜೋಡಿಸಿದರೆ ಸಾಕು.

ಮೇಡಂ ತರಗತಿಯಲ್ಲಿ ತೋರಿಸಿದರು. ನಾನು ಹಿಂದಿನ ಬೆಂಚಿನಲ್ಲಿ ಕೂತಿದ್ದೆ. ಬಲ್ಬ್ ಹತ್ತಿತು, ಮಕ್ಕಳು "ಓ" ಎಂದರು. ಮರುದಿನ ಎರಡರಲ್ಲಿ ಯಾವ ಬಲ್ಬ್ ಜಾಸ್ತಿ ಬೆಳಗುತ್ತೆ ಅಂತ ಕೇಳಿದರೆ ಅದೇ ತಪ್ಪು ಉತ್ತರ! ಮೇಡಂಗೆ ಬೇಜಾರಾಯಿತು, ನನಗೂ ಆಯಿತು.

ಇಬ್ಬರೂ ಕೂತು ಒಂದೇ ಒಂದು ಬದಲಾವಣೆ ಮಾಡಿದೆವು. ಇನ್ನೊಂದು ವಿಭಾಗದಲ್ಲಿ ಅವರು ಸ್ವಿಚ್ ಒತ್ತುವ ಮುಂಚೆ ಕೈ ತಡೆದರು. ಬೋರ್ಡ್ ಮೇಲೆ ಮೂರು ಉತ್ತರ ಬರೆದರು: ಮೊದಲನೇದು ಜಾಸ್ತಿ, ಎರಡನೇದು ಜಾಸ್ತಿ, ಎರಡೂ ಸಮ. ಪ್ರತಿಯೊಬ್ಬರೂ ತಮ್ಮ ಊಹೆಯನ್ನು ನೋಟ್‌ಬುಕ್ಕಿನಲ್ಲಿ ಬರೆಯಬೇಕು, ಅಳಿಸುವಂತಿಲ್ಲ. ಕೈ ಎತ್ತಿಸಿದಾಗ ಅರ್ಧಕ್ಕಿಂತ ಜಾಸ್ತಿ ಮಕ್ಕಳು ಮೊದಲ ಬಲ್ಬಿನ ಕಡೆ ಇದ್ದರು. ಆಮೇಲೆ ಸ್ವಿಚ್ ಒತ್ತಿದರು. ಎರಡೂ ಬಲ್ಬ್ ಮಂಕಾಗಿ, ಒಂದೇ ಸಮ ಉರಿದವು.

ತರಗತಿ ಗಪ್‌ಚುಪ್. ಒಬ್ಬ ಹುಡುಗ ಎದ್ದು ನಿಂತು, "ಟೀಚರ್, ಬ್ಯಾಟರಿ ತಿರುಗಿಸಿ ಹಾಕಿ ನೋಡೋಣ" ಎಂದ. ತಿರುಗಿಸಿದರು. ಆಗಲೂ ಸಮ. ಇನ್ನೊಬ್ಬಳು ತಂತಿಯಲ್ಲಿ ಹರಿಯುವ ಚುಕ್ಕಿಗಳ ಕಡೆ ಬೆರಳು ತೋರಿಸಿದಳು. ಬಲ್ಬಿನ ಮುಂಚೆ ಎಷ್ಟು ವೇಗವೋ, ದಾಟಿದ ಮೇಲೂ ಅಷ್ಟೇ ವೇಗ. ಯಾರೂ ಏನನ್ನೂ ತಿಂದಿಲ್ಲ! ಅವತ್ತು ನನಗೆ ಆದ ಸಂತೋಷ ಇನ್ನೂ ನೆನಪಿದೆ. ವೆಬ್‌ಸೈಟ್ ಅದೇ, ಪಾಠವೂ ಅದೇ. ಮಕ್ಕಳು ನೋಡುವ ಮುಂಚೆ ಒಂದು ಕಡೆ ನಿಂತಿದ್ದರು, ಅಷ್ಟೇ ವ್ಯತ್ಯಾಸ.

ಹುಡುಕಾಟದ ವಿಷಯ ಬೇರೆ. ಸಮಾಜ ವಿಜ್ಞಾನದ ಮೇಷ್ಟ್ರೊಬ್ಬರ ದೂರು ಇದು: ಹುಡುಕಿ ಬನ್ನಿ ಅಂದರೆ ಮಕ್ಕಳು ಮೊದಲು ಸಿಕ್ಕಿದ್ದನ್ನು ಹಾಗೇ ಬರೆದು ತರುತ್ತಾರೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕ ಸ್ಯಾಮ್ ವೈನ್‌ಬರ್ಗ್ ಮತ್ತು ಸಂಗಡಿಗರು ಸುದ್ದಿಯ ಸತ್ಯಾಂಶ ಪರೀಕ್ಷಿಸುವವರನ್ನು ಗಮನಿಸಿದಾಗ ಒಂದು ವಿಷಯ ಕಂಡಿತ್ತು. ಅವರು ಗೊತ್ತಿಲ್ಲದ ಪುಟದಲ್ಲಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಹೊಸ ಟ್ಯಾಬ್ ತೆರೆದು, ಆ ಪುಟದ ಬಗ್ಗೆ ಬೇರೆಯವರು ಏನು ಹೇಳುತ್ತಾರೆ ಅಂತ ನೋಡುತ್ತಾರೆ. ಇದನ್ನೇ ತರಗತಿಗೆ ತಂದೆವು. "ಚೀನಾದ ಮಹಾಗೋಡೆ ಚಂದ್ರನಿಂದ ಕಾಣುತ್ತದೆಯೇ?" ಎಂಬ ಪ್ರಶ್ನೆ ಕೊಟ್ಟು, ಕಾಣುತ್ತದೆ ಅನ್ನುವ ಪುಟ ಸಿಕ್ಕರೆ ಅದನ್ನು ಮತ್ತೆರಡು ಕಡೆ ತಾಳೆ ನೋಡಬೇಕು ಎಂದೆವು. 2003ರಲ್ಲಿ ಭೂಮಿಯನ್ನು ಸುತ್ತಿ ಬಂದ ಚೀನಾದ್ದೇ ಗಗನಯಾತ್ರಿ ಯಾಂಗ್ ಲಿವೇ ತನಗೆ ಗೋಡೆ ಕಾಣಲಿಲ್ಲ ಎಂದಿದ್ದನ್ನು ಮಕ್ಕಳೇ ಹುಡುಕಿ ತೆಗೆದರು. ಭೂಮಿಯ ಹತ್ತಿರದಿಂದಲೇ ಕಾಣದ್ದು ಚಂದ್ರನಿಂದ ಕಾಣೋದುಂಟಾ ಅಂತ ಮೇಷ್ಟ್ರನ್ನೇ ಕೇಳಿದರು!

ನೆಟ್ ಕೈಕೊಡುತ್ತೆ ಅನ್ನೋದು ಎಲ್ಲರ ಭಯ, ನಿಜವೂ ಹೌದು. ಫೆಟ್‌ನ ಬಹಳಷ್ಟು ಪ್ರಯೋಗಗಳನ್ನು ಮೊದಲೇ ಇಳಿಸಿಟ್ಟುಕೊಳ್ಳಬಹುದು, ಕಿವಿಕ್ಸ್ ಎಂಬ ಆ್ಯಪ್ ಇದ್ದರೆ ವಿಕಿಪೀಡಿಯವೂ ನೆಟ್ ಇಲ್ಲದೆ ತೆರೆಯುತ್ತದೆ. ಬೇಕಾದ ಪುಟವನ್ನು ತರಗತಿಗೆ ಹೋಗುವ ಮುಂಚೆಯೇ ತೆರೆದಿಡಿ. ಮಕ್ಕಳ ಎದುರು ಹುಡುಕುತ್ತಾ ಕೂತರೆ ಅರ್ಧ ಪೀರಿಯಡ್ ಅಲ್ಲೇ ಹೋಗುತ್ತೆ.

ಮೊನ್ನೆ ಅದೇ ವಿಜ್ಞಾನದ ಮೇಡಂ ಫೋನ್ ಮಾಡಿದ್ದರು. "ಸರ್, ಮಸೂರದ ಪಾಠಕ್ಕೆ ಪ್ರಶ್ನೆ ಸಿಕ್ಕಿದೆ. ಮಸೂರದ ಅರ್ಧ ಮುಚ್ಚಿದರೆ ಪ್ರತಿಬಿಂಬವೂ ಅರ್ಧ ಆಗುತ್ತಾ? ಇದಕ್ಕೆ ಯಾವ ಪುಟ ತೋರಿಸಲಿ?"

"ಇದಕ್ಕೆ ಯಾವ ಪುಟವೂ ಬೇಡ ಮೇಡಂ" ಎಂದೆ. "ಒಂದು ಮಸೂರ, ಒಂದು ಮೇಣದಬತ್ತಿ, ಒಂದು ರಟ್ಟಿನ ಚೂರು ಸಾಕು. ಊಹೆ ಮಾತ್ರ ಮೊದಲೇ ಬರೆಸಿ."