ಫೈಲಿನ ಮೊದಲ ಹಾಳೆ

ನಾನು ಜಿಲ್ಲಾ ಕೇಂದ್ರದ ಆಸ್ಪತ್ರೆಯೊಂದರಲ್ಲಿ ಫಿಜಿಶಿಯನ್. ಸಿಒಪಿಡಿ (ವರ್ಷಗಟ್ಟಲೆ ಕಾಡುವ ಶ್ವಾಸಕೋಶದ ಕಾಯಿಲೆ), ಹಾರ್ಟ್ ಫೇಲ್ಯೂರ್, ಕಿಡ್ನಿ ಕಾಯಿಲೆಯವರೇ ನಮ್ಮ ವಾರ್ಡಿನಲ್ಲಿ ಜಾಸ್ತಿ. ಇವರು ಬಿದ್ದು ಏಳುತ್ತಾರೆ, ಮತ್ತೆ ಬೀಳುತ್ತಾರೆ. ಯಾವುದು ಕೊನೆಯ ಸಲ ಅಂತ ನಮಗೂ ಗೊತ್ತಾಗುವುದಿಲ್ಲ.

ಬೀಡಿ ಸೇದಿ ಶ್ವಾಸಕೋಶ ಹಾಳಾಗಿದ್ದ ಅಜ್ಜ ಒಬ್ಬರು ಆರು ವರ್ಷ ನನ್ನ ಹತ್ತಿರವೇ ಬರುತ್ತಿದ್ದರು. ಇನ್‌ಹೇಲರ್, ಆಕ್ಸಿಜನ್, ಹೊಲದ ಸುದ್ದಿ, ಎಲ್ಲಾ ಮಾತಾಡಿದ್ದೆವು. ಒಂದನ್ನು ಬಿಟ್ಟು. ಒಂದು ರಾತ್ರಿ ದಮ್ಮು ಕಟ್ಟಿ ಬಂದಾಗ ಮಗ ಕೈ ಮುಗಿದ, "ಏನಾದ್ರೂ ಮಾಡಿ ಸಾರ್." ವೆಂಟಿಲೇಟರ್ ಹಾಕಿದೆವು. ಹನ್ನೊಂದು ದಿನ. ಪೈಪು ಕಿತ್ತುಕೊಳ್ಳುತ್ತಾರೆ ಅಂತ ಕೈ ಕಟ್ಟಿದ್ದೆವು. ಎಲ್ಲಾ ಮುಗಿದ ಮೇಲೆ ಅಜ್ಜಿ ಅಂದರು, "ಮನೇಲೇ ಹೋಗ್ಬೇಕು ಅಂತಿದ್ರಪ್ಪ. ನೀವು ಕೇಳ್ಲಿಲ್ಲ."

ಅಲ್ಲಿಂದ ಕೇಳುವುದನ್ನು ಶುರು ಮಾಡಿದೆ. ಮೊದಲು ನನ್ನನ್ನೇ ಕೇಳಿಕೊಳ್ಳುತ್ತೇನೆ: ಈ ರೋಗಿ ಒಂದು ವರ್ಷದೊಳಗೆ ತೀರಿಕೊಂಡರೆ ನನಗೆ ಆಶ್ಚರ್ಯ ಆಗುತ್ತದಾ? ಇಲ್ಲ ಅನ್ನಿಸಿದರೆ, ಡಿಸ್ಚಾರ್ಜ್ ದಿನ ಕುರ್ಚಿ ಎಳೆದುಕೊಂಡು ಕೂರುತ್ತೇನೆ. ಮನೆಯವರೂ ಇರಬೇಕು. "ಮುಂದಿನ ಸಲ ಹೀಗಾದರೆ ಏನು ಮಾಡೋಣ, ಏನು ಬೇಡ?" ಮೊದಮೊದಲು ಇಷ್ಟು ಕೇಳೋಕೂ ನಾಲಿಗೆ ತಡವರಿಸುತ್ತಿತ್ತು. ಉತ್ತರವನ್ನು ಅವರ ಫೈಲಿನ ಮೊದಲ ಹಾಳೆಯಲ್ಲೇ ಬರೆಯುತ್ತೇವೆ. ರಾತ್ರಿ ಡ್ಯೂಟಿಯವರಿಗೆ ಹುಡುಕದೆ ಸಿಗಬೇಕು, ಅಲ್ವಾ?

ಅಫೀಮಿನಿಂದ ಮಾಡುವ ಮಾರ್ಫಿನ್ ಅಂದರೆ ನರ್ಸ್‌ಗಳಿಗೆ ಭಯ. ನನಗೂ ಇತ್ತು. ಮಾದಕ ವಸ್ತುಗಳ ಕಾಯ್ದೆಗೆ (ಎನ್‌ಡಿಪಿಎಸ್) 2014ರಲ್ಲಿ ತಿದ್ದುಪಡಿ ಬಂದ ಮೇಲೆ ಲೈಸೆನ್ಸಿನ ರಗಳೆ ಕಡಿಮೆಯಾಗಿದೆ. ಯಾವುದಕ್ಕೂ ಬಗ್ಗದ ಉಬ್ಬಸಕ್ಕೆ 10 ಮಿಲಿಗ್ರಾಂ ಮಾತ್ರೆಯ ಕಾಲು ಭಾಗದಿಂದ ಶುರು ಮಾಡುತ್ತೇವೆ. ಜೊತೆಗೆ ಮಾರ್ಫಿನ್‌ನಿಂದಾಗುವ ಮಲಬದ್ಧತೆಗೆ ಮಾತ್ರೆ, ಮುಖಕ್ಕೆ ಟೇಬಲ್ ಫ್ಯಾನ್. ಫ್ಯಾನಿನ ಗಾಳಿಗೇ ಎಷ್ಟೋ ಜನರಿಗೆ ಹಾಯೆನಿಸುತ್ತದೆ.

ಕಾನೂನಿನ ಹೆದರಿಕೆಯೂ ಇತ್ತು. ಕೊನೆಗಾಲದಲ್ಲಿ ಯಾವ ಚಿಕಿತ್ಸೆ ಬೇಡ ಅಂತ ಮೊದಲೇ ಬರೆದಿಡುವ ಲಿವಿಂಗ್ ವಿಲ್‌ಗೆ ಸುಪ್ರೀಂ ಕೋರ್ಟ್ 2018ರಲ್ಲೇ ಒಪ್ಪಿತ್ತು. ಆದರೆ ಮ್ಯಾಜಿಸ್ಟ್ರೇಟ್ ಸಹಿ ತರುವವರು ಯಾರು? 2023ರಲ್ಲಿ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿ ಸಾಕು ಅಂತಾಯಿತು. 2025ರ ಜನವರಿಯಲ್ಲಿ ನಮ್ಮ ರಾಜ್ಯದ ಆರೋಗ್ಯ ಇಲಾಖೆಯ ಸುತ್ತೋಲೆಯೂ ಬಂತು. ರೋಗಿಗೆ ಪ್ರಜ್ಞೆ ಇಲ್ಲದಾಗ ವೆಂಟಿಲೇಟರ್ ತೆಗೆಯಲು ತಲಾ ಮೂವರು ಡಾಕ್ಟರಿರುವ ಎರಡು ಮಂಡಳಿ ಒಪ್ಪಬೇಕು. ಓಡಾಟ ಇದೆ, ಆದರೆ ದಾರಿಯೂ ಇದೆ.

ಹೋದ ತಿಂಗಳು ಕಿಡ್ನಿ ಕಾಯಿಲೆಯ ಅಮ್ಮ ಒಬ್ಬರು ಮನಸ್ಸು ಬದಲಿಸಿದರು. ಮೊಮ್ಮಗಳ ಮದುವೆ ಮುಗಿಯುವ ತನಕ ಐಸಿಯು ಆದರೂ ಸರಿಯಂತೆ. ಹಳೆಯದನ್ನು ಹೊಡೆದು ಹಾಕಿ, ತಾರೀಖು ನಮೂದಿಸಿ, ಹೊಸದಾಗಿ ಬರೆದೆವು.